ಮಡುವಿನ ತಲೆಯಲ್ಲಿ ನಾಲ್ಕು ದಿನ: ಮೀಸೆ ಮೀನಿಗೆ ಎರೆ ಹುಡುಕುತ್ತಾ

ಯುಗಾದಿಗೆ ಐದು ದಿನ ಇತ್ತು. ಅಕ್ಕನ ಊರು ಹೂವಿನಹಡಗಲಿ ತಾಲ್ಲೂಕಿನಲ್ಲಿ, ತುಂಗಭದ್ರೆಯ ದಂಡೆಗೆ. ಮದಲಗಟ್ಟಿ ಆಂಜನೇಯನ ಗುಡಿಗೆ ತೀರಾ ದೂರವೇನಲ್ಲ. "ಹೊಳಿ ನೀರು ಇಳಿದೈತಿ, ಮಡು ಅಷ್ಟ ಉಳದಾವ, ಬಾ" ಅಂತ ಭಾವ ಫೋನ್ ಮಾಡಿದ್ದರು. ಹೊಳೆಯ ದೊಡ್ಡ ಮೀಸೆ ಮೀನು (ಕ್ಯಾಟ್‌ಫಿಶ್) ಬಾಳೆ. ಆ ಬಾಳೆ ಮೀನನ್ನು ಗಾಳದಲ್ಲಿ ಹಿಡಿಯಬೇಕು ಅನ್ನುವ ಆಸೆ ನನಗೆ ಎಷ್ಟೋ ವರ್ಷದ್ದು. ನಾಲ್ಕು ದಿನ ರಜೆ ಹಾಕಿ ದಾವಣಗೆರೆಯಿಂದ ಬೈಕಿನಲ್ಲಿ ಹೊರಟೆ.

ಮೊದಲ ದಿನ

ಹರಪನಹಳ್ಳಿ ದಾಟುವ ಹೊತ್ತಿಗೇ ಬಿಸಿಲು ಸುಡುತ್ತಿತ್ತು. ಬೈಕಿನ ಹಿಂದೆ ಒಂದು ಪೇಂಟ್ ಡಬ್ಬಿ ಕಟ್ಟಿಕೊಂಡಿದ್ದೆ. ಅದರೊಳಗೆ ಎರಡು ಕೆಜಿ ಕೋಳಿ ಕರುಳು, ಎರಡು ದಿನ ಮುಚ್ಚಳ ಹಾಕಿ ಬಿಸಿಲಿಗಿಟ್ಟಿದ್ದು. ಮೀಸೆ ಮೀನಿಗೆ ನಾತ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ. ನಾನೂ ಅದನ್ನೇ ನಂಬಿದ್ದೆ.

ಹಡಗಲಿಯಲ್ಲಿ ಮಲ್ಲಿಗೆ ಕಾಲ. ಬಸ್‌ಸ್ಟ್ಯಾಂಡ್ ಹತ್ತಿರ ಅಕ್ಕನಿಗೆ ಅಂತ ನಾಲ್ಕು ಮೊಳ ಹೂವು ತಗೊಂಡೆ. ಕೈಯೆಲ್ಲಾ ಘಮ್ ಅನ್ನುತ್ತಿತ್ತು.

ಭಾವ ನನ್ನನ್ನು ಕರೆದುಕೊಂಡು ಹೋಗಿದ್ದು ಅವರ ಓಣಿಯ ಒಬ್ಬ ಅಜ್ಜನ ಹತ್ತಿರ. ಹುಟ್ಟಿದಾಗಿನಿಂದ ಹೊಳೆಯಲ್ಲೇ ಬದುಕಿದವರು. ಮೀನು ಹಿಡಿಯಲು ಇಲಾಖೆಯ ಪರವಾನಗಿ ಇರುವವರು. ಅವರ ಒಪ್ಪಿಗೆ ಇಲ್ಲದೆ ಆ ನೀರಿಗೆ ಗಾಳ ಹಾಕುವುದು ಸರಿಯಲ್ಲ ಅಂತ ಭಾವ ಮೊದಲೇ ಹೇಳಿದ್ದರು. ನಾನು ಡಬ್ಬಿಯ ಮುಚ್ಚಳ ತೆಗೆದು ತೋರಿಸಿದೆ. ಅಜ್ಜ ಬಗ್ಗಿ ನೋಡಿದರು, ಎರಡು ಹೆಜ್ಜೆ ಹಿಂದೆ ಸರಿದರು.

"ಇದನ್ನ ಯಾರಿಗೆ ತಂದಿ ತಮ್ಮಾ?"

"ಬಾಳೆ ಮೀನಿಗೆ ಅಜ್ಜಾ."

"ಬಾಳಿ ಬ್ಯಾಟಿ ಆಡೋ ಮೀನ. ಸತ್ತು ಕೊಳತದ್ದಕ್ಕ ಯಾಕ ಬರತೈತಿ? ಇರಲಿ, ಹಾಕಿ ನೋಡು. ನಾ ಬ್ಯಾಡ ಅನ್ನಂಗಿಲ್ಲ."

ಸಂಜೆ ಹಾಕಿ ನೋಡಿದೆ. ಬಂದಿದ್ದು ಏಡಿ. ಹತ್ತು ನಿಮಿಷಕ್ಕೊಮ್ಮೆ ದಾರ ಸಣ್ಣಗೆ ನಡುಗುತ್ತಿತ್ತು. ಎಳೆದರೆ ಬರಿ ಗಾಳ. ಒಂದು ಸಲ ಒಂದು ಆಮೆ ಗಾಳದ ಹತ್ತಿರವೇ ತಲೆ ಎತ್ತಿತು. ಅದಕ್ಕೆ ಚುಚ್ಚಿದರೆ ಏನು ಗತಿ ಅಂತ ಹೆದರಿ ದಾರ ಎಳೆದುಕೊಂಡೆ. ರಾತ್ರಿ ಹತ್ತರವರೆಗೆ ಕೂತರೂ ಒಂದು ಮೀನೂ ಮುಟ್ಟಲಿಲ್ಲ. ಆ ಡಬ್ಬಿಯನ್ನು ಭಾವನ ಹೊಲದ ತಿಪ್ಪೆಯಲ್ಲಿ ಆಳವಾಗಿ ಹೂತು ಬಂದೆವು.

ಎರಡನೇ ದಿನ

ಬೆಳಿಗ್ಗೆ ಆರಕ್ಕೆ ಅಜ್ಜ ಬಂದು ಎಬ್ಬಿಸಿದರು. ಮೊದಲು ಹೋಗಿದ್ದು ಹೊಳೆಗಲ್ಲ, ಅಕ್ಕನ ಹಿತ್ತಲಿಗೆ. ಬಚ್ಚಲ ನೀರು ಹರಿದು ಹೋಗುವ ಕಡೆ ನಾಲ್ಕು ಬಾಳೆ ಗಿಡ ಇವೆ. ಬುಡದಲ್ಲಿ ಕುರ್ಚಿಗೆಯಿಂದ ಒಂದು ಗೇಣು ಅಗೆದರೆ ಸಾಕು, ಮಣ್ಣೇ ಅಲ್ಲಾಡುವಷ್ಟು ಎರೆಹುಳ. ಗಾಳಕ್ಕೆ ಸಿಗಿಸುವ ತಿಂಡಿಗೆ ನಮ್ಮ ಭಾಷೆಯಲ್ಲಿ ಎರೆ ಅಂತಲೇ ಹೆಸರು. ಹುಳದ ಹೆಸರಲ್ಲೇ ಎರೆ ಇದೆ ಅಂದಮೇಲೆ ಇದಕ್ಕಿಂತ ಹಳೆಯ ಎರೆ ಇನ್ಯಾವುದು ಇರುತ್ತೆ ಹೇಳಿ.

ಅಜ್ಜ ಹುಳ ಆರಿಸುವುದನ್ನು ಹತ್ತಿರದಿಂದ ನೋಡಿದೆ. ತೀರಾ ದಪ್ಪನೆಯದನ್ನು ಮಣ್ಣಿಗೇ ಬಿಟ್ಟರು. ಬೆರಳಿಗೆ ಸುತ್ತಿಕೊಳ್ಳುವ, ಕೆಂಪಗಿರುವ, ಚುರುಕಾಗಿರುವ ಹುಳವನ್ನಷ್ಟೇ ತೆಗೆದುಕೊಂಡರು. ತೆಂಗಿನ ಚಿಪ್ಪಿನಲ್ಲಿ ಅದೇ ಜಾಗದ ಹಸಿ ಮಣ್ಣು ಹಾಕಿ, ಮೇಲೆ ಒಂದು ಬಾಳೆ ಎಲೆ ತುಂಡು ಮುಚ್ಚಿದರು. ಬಿಸಿಲಿಗೆ ಬಿದ್ದ ಹುಳ ಅರ್ಧ ಗಂಟೆಯಲ್ಲಿ ಸಪ್ಪಗಾಗುತ್ತದೆ. ಸಪ್ಪಗಾದ ಹುಳ ನೀರಲ್ಲಿ ಆಡುವುದಿಲ್ಲ.

ಹೊಳೆಗೆ ಇಳಿಯುವ ಮುಂಚೆ ಇನ್ನೊಂದು ಕೆಲಸ. "ಕೈ ಮೂಸು" ಅಂದರು. ಸೋಪಿನ ವಾಸನೆ, ಅದರ ಕೆಳಗೆ ನಿನ್ನೆಯ ಮಲ್ಲಿಗೆ ಇನ್ನೂ ಇತ್ತು. ದಂಡೆಯ ಕೆಸರನ್ನು ಎರಡೂ ಕೈಗೆ ತಿಕ್ಕಿ ತೊಳೆದುಕೊಳ್ಳಲು ಹೇಳಿದರು. ಉಗುರಿನ ಸಂದಿಗೂ ಕೆಸರು ಹೋಗಬೇಕು. ತಂಬಾಕು ತಿಕ್ಕಿದ ಕೈಯಲ್ಲಿ ಅವರು ಎರೆ ಮುಟ್ಟುವುದೇ ಇಲ್ಲ.

ಇದು ಸುಮ್ನೆ ನಂಬಿಕೆ ಅಲ್ಲ. ಮೀಸೆ ಮೀನುಗಳು ನೀರಿನ ರುಚಿ ನೋಡುತ್ತಲೇ ಬದುಕುತ್ತವೆ. ಮೈಮೇಲೆ ಹುರುಪೆ ಇಲ್ಲ. ರುಚಿ ತಿಳಿಯುವ ಮೊಗ್ಗುಗಳು ನಮಗೆ ನಾಲಿಗೆ, ಬಾಯೊಳಗೆ ಇದ್ದರೆ ಇವುಗಳಿಗೆ ತುಟಿ, ಮೀಸೆ, ಹೊಟ್ಟೆ, ಬಾಲದವರೆಗೂ ಇವೆ. ಅಮೆರಿಕದ ಚಾನೆಲ್ ಕ್ಯಾಟ್‌ಫಿಶ್ ಅನ್ನುವ ಮೀನಿನ ಮೈಮೇಲೆ 1 ಲಕ್ಷಕ್ಕೂ ಹೆಚ್ಚು ಇಂಥ ಮೊಗ್ಗುಗಳನ್ನು ಎಣಿಸಿದ್ದಾರೆ. ರಕ್ತ, ಮಾಂಸದಿಂದ ನೀರಿಗೆ ಕರಗುವ ಅಮೈನೋ ಆಮ್ಲಗಳನ್ನು ತೀರಾ ಸ್ವಲ್ಪ ಇದ್ದರೂ ಗುರುತಿಸುತ್ತವೆ. ಕತ್ತಲಿರಲಿ, ಕೆಂಪು ನೀರಿರಲಿ, ಅವಕ್ಕೆ ಕಣ್ಣು ಬೇಕಾಗಿಲ್ಲ.

ಹುಳ ಪೋಣಿಸುವುದಕ್ಕೂ ಒಂದು ರೀತಿ ಇದೆ. ನಾಲ್ಕನೇ ನಂಬರಿನ ಸಣ್ಣ ಗಾಳಕ್ಕೆ ಎರಡು ಹುಳ. ಒಂದನ್ನು ಗಾಳದ ಕಾಲಿನ ಮೇಲೆ ಕಾಲುಚೀಲದಂತೆ ಏರಿಸಬೇಕು. ಇನ್ನೊಂದನ್ನು ನಡುವೆ ಮಾತ್ರ ಚುಚ್ಚಿ ಎರಡೂ ತುದಿ ಆಡಲು ಬಿಡಬೇಕು. ಮೊದಲನೆಯದು ಗಟ್ಟಿಯಾಗಿ ನಿಲ್ಲಲು, ಎರಡನೆಯದು ಕರೆಯಲು. ಎಸೆದ ಐದೇ ನಿಮಿಷಕ್ಕೆ ಟಕ್ ಟಕ್ ಅಂತ ಎರಡು ಸಲ ಎಳೆತ. ಬಂದಿದ್ದು ಗಿರ್ಲು, ಗೇಣುದ್ದ. ಬೆಳ್ಳಗೆ ಹೊಳೆಯುವ ಮೈ, ಬಾಲದ ತನಕ ಬರುವ ಮೀಸೆ.

ಸಂತೋಷದಲ್ಲಿ ಹಾಗೇ ಹಿಡಿದೆ. ಬೆನ್ನಿನ ಮುಳ್ಳು ಹೆಬ್ಬೆರಳಿನ ಬುಡಕ್ಕೆ ನೆಟ್ಟಿತು.

ಆ ನೋವನ್ನು ಹೇಗೆ ಹೇಳಲಿ? ಚುಚ್ಚಿದ ಜಾಗ ಚಿಕ್ಕದು, ರಕ್ತ ಒಂದು ಹನಿ. ಆದರೆ ಉರಿ ಮಣಿಕಟ್ಟು ದಾಟಿ ಮೊಣಕೈವರೆಗೆ ಏರಿತು. ಗಿರ್ಲುವಿಗೆ ಬೆನ್ನ ಮೇಲೆ ಒಂದು, ಎದೆಯ ರೆಕ್ಕೆಗೆ ಒಂದೊಂದು, ಒಟ್ಟು ಮೂರು ಮುಳ್ಳು. ಹಿಡಿಯುವಾಗ ಅಂಗೈ ಹೊಟ್ಟೆಯ ಕಡೆಯಿಂದ ಬರಬೇಕು. ಎದೆಯ ಎರಡು ಮುಳ್ಳುಗಳ ಹಿಂದೆ ಬೆರಳು ಒತ್ತಿ ಹಿಡಿದರೆ ಅದು ಅಲುಗಾಡಿದರೂ ಚುಚ್ಚುವುದಿಲ್ಲ. ಇದನ್ನು ಅಜ್ಜ ಹೇಳುವಷ್ಟರಲ್ಲಿ ತಡವಾಗಿತ್ತು. ಮನೆಗೆ ಹೋದ ಕೂಡಲೇ ಅಕ್ಕ ಬೋಗುಣಿಯಲ್ಲಿ ಬಿಸಿನೀರು ಕೊಟ್ಟಳು. ಚರ್ಮ ಸುಡದಷ್ಟು, ಆದರೆ ತಡೆದುಕೊಳ್ಳುವಷ್ಟು ಬಿಸಿ. ಕೈ ಅದ್ದಿ ಕೂತ ಅರ್ಧ ಗಂಟೆಯಲ್ಲಿ ಉರಿ ಇಳಿಯಿತು. ಈ ವಿಷ ಬಿಸಿಗೆ ಕೆಡುತ್ತದೆ, ಅದಕ್ಕೇ ಬಿಸಿನೀರು. ಚೇಳು ಮೀನಿನ ಮುಳ್ಳಿಗೂ ಮೊದಲ ಉಪಚಾರ ಇದೇ, ಅದರ ವಿಷ ಇನ್ನೂ ಜೋರು. ಮಧ್ಯಾಹ್ನ ಹಡಗಲಿಗೆ ಹೋಗಿ ಟಿಟಿ ಇಂಜೆಕ್ಷನ್ ಮಾಡಿಸಿಕೊಂಡು ಬಂದೆ.

ಅಷ್ಟರಲ್ಲಿ ಭಾವ ಹನ್ನೊಂದು ಗಿರ್ಲು ಹಿಡಿದಿದ್ದರು, ಎಲ್ಲಾ ಎರೆಹುಳಕ್ಕೆ. ಅಕ್ಕ ಒಲೆಯ ಬೂದಿ ತಿಕ್ಕಿ ಲೋಳೆ ತೆಗೆದು, ಹುಣಸೆ ಹುಳಿ ಹಾಕಿ ಸಾರು ಮಾಡಿದಳು. ಬಿಸಿ ಜೋಳದ ರೊಟ್ಟಿ. ಅವತ್ತು ಮತ್ತೆ ಹೊಳೆಗೆ ಹೋಗಲಿಲ್ಲ.

ಮೂರನೇ ದಿನ

ಈ ದಿನದ ಬಗ್ಗೆ ಜಾಸ್ತಿ ಬರೆಯಬೇಕು. ಬಾಳೆ ಮೀನಿನ ದಿನ ಇದು.

ಬಾಳೆಯನ್ನು ನೋಡಿಲ್ಲದವರಿಗೆ ಹೇಳುತ್ತೇನೆ. ಉದ್ದನೆಯ ಚಪ್ಪಟೆ ಮೈ. ಕಣ್ಣನ್ನೂ ದಾಟಿ ಹಿಂದಕ್ಕೆ ಹೋಗುವ ಬಾಯಿ. ಆ ಬಾಯಲ್ಲಿ ಸಾಲು ಸಾಲು ಸಣ್ಣ ಹಲ್ಲು. ಮೇಲ್ದುಟಿಯಲ್ಲಿ ಉದ್ದನೆಯ ಎರಡು ಮೀಸೆ, ಗದ್ದದಲ್ಲಿ ಗಿಡ್ಡ ಎರಡು. ಹಗಲು ಮಡುವಿನ ಆಳದಲ್ಲಿ ಬಂಡೆಯ ಸಂದಿಯಲ್ಲಿ ಬಿದ್ದಿರುತ್ತದೆ. ಕತ್ತಲಾದ ಮೇಲೆ ಸಣ್ಣ ಮೀನಿನ ಬೇಟೆಗೆ ಏಳುತ್ತದೆ. ಅಮಾವಾಸ್ಯೆ ಹತ್ತಿರ ಬಂದಿದ್ದರಿಂದ ರಾತ್ರಿ ಪೂರ್ತಿ ಕತ್ತಲೆ, ನಮಗೆ ಅನುಕೂಲ.

ಮಧ್ಯಾಹ್ನ ಅಜ್ಜನ ಜೊತೆ ಮಡುವಿನ ಸುತ್ತ ನಡೆದೆ. ಅವರು ನೀರು ನೋಡುತ್ತಿರಲಿಲ್ಲ, ದಂಡೆ ನೋಡುತ್ತಿದ್ದರು. ತೆಳು ನೀರಲ್ಲಿ ಸಸಲು ಮೀನಿನ ಹಿಂಡು ಓಡಾಡುತ್ತಿತ್ತು. ಕಲ್ಲಿನ ಕೆಳಗೆ ಕೈ ಹಾಕಿದರೆ ಸೀಗಡಿ ಚಿಮ್ಮುತ್ತಿತ್ತು.

"ಈ ವಾರ ಹೊಳ್ಯಾಗ ಏನ್ ಜಾಸ್ತಿ ಐತಿ?" ಅಂತ ಕೇಳಿದರು.

"ಸಸಲು."

"ಮತ್ತ ಬಾಳಿ ಏನ್ ತಿನ್ನತೈತಿ?"

ನಾನು ಸುಮ್ಮನೆ ನಿಂತೆ. ಅವರೇ ಮುಂದುವರಿಸಿದರು. ಪಟ್ಟಣದ ಸೇತುವೆ ಕೆಳಗೆ, ಕೋಳಿ ಅಂಗಡಿಯವರು ಕಸ ಸುರಿಯುವ ಕಡೆ, ಕೋಳಿ ಕರುಳಿಗೆ ಮೀನು ಬರುತ್ತದಂತೆ. ಅಲ್ಲಿಯ ಮೀನಿಗೆ ಅದೇ ದಿನದ ಊಟ. ಈ ಮಡುವಿನ ಮೀನು ಕೋಳಿ ಕಂಡೇ ಇಲ್ಲ. "ದಿನಾ ರೊಟ್ಟಿ ತಿನ್ನಾಂವಗ ರೊಟ್ಟಿನ ಕೊಡಬೇಕು" ಅಂದರು. ಮಳೆಗಾಲದಲ್ಲಿ ಹೊಲದ ನೀರು ಹೊಳೆಗೆ ಬೀಳುವಾಗ ಎರೆಹುಳಕ್ಕೆ ಎಲ್ಲಾ ಮೀನೂ ಬರುತ್ತವೆ. ಆಗ ನೀರೇ ಹುಳ ಹೊತ್ತು ತರುತ್ತದೆ. ಬೇಸಿಗೆಯಲ್ಲಿ ಬಾಳೆಗೆ ಸಸಲು. ಹಿಂದೆ ಕಪ್ಪೆಯನ್ನೂ ಹಾಕುತ್ತಿದ್ದರಂತೆ. ಈಗ ಹೊಲದಲ್ಲಿ ಕಪ್ಪೆಯೇ ಕಮ್ಮಿ ಆಗಿವೆ, ಬಿಟ್ಟಿದ್ದೇವೆ ಅಂದರು. ಆ ಮಾತು ನನಗೆ ಹಿಡಿಸಿತು.

ಕಾವೇರಿಯ ಭೀಮೇಶ್ವರಿ ಕಡೆ ಬಿಳಿಮೀನಿಗೆ (ಮಹಶೀರ್) ರಾಗಿ ಉಂಡೆ ಹಾಕುತ್ತಿದ್ದರು ಅಂತ ಕೇಳಿದ್ದೆ. ಇಲ್ಲಿ ಜೋಳದ ಹಿಟ್ಟಿನ ಉಂಡೆ ನಡೆಯುತ್ತಾ ಅಂತ ಕೇಳಿದೆ. ಗೆಂಡೆ ಮೀನಿಗಾದರೆ ನಡೆಯುತ್ತದೆ, ಬಾಳೆಗೆ ಅದು ಕಲ್ಲಿಗೆ ಸಮ ಅಂದರು.

ಸಂಜೆ ಐದಕ್ಕೆ ಸಣ್ಣ ಬೀಸುಬಲೆಯಲ್ಲಿ ಅಂಗೈ ಅಗಲದ ಹದಿನೈದು ಸಸಲು ಹಿಡಿದರು. ಅದೇ ಮಡುವಿನ ಮೀನು, ಅದೇ ದಿನದ್ದು. ಬೇರೆ ಕೆರೆಯ ಮೀನನ್ನು ಎರೆಗೆ ಅಂತ ಜೀವಂತ ತಂದು ಹೊಳೆಗೆ ಬಿಡಲೇಬಾರದು. ತಪ್ಪಿಸಿಕೊಂಡ ಪರಕೀಯ ಮೀನು ಇಲ್ಲೇ ಬೇರು ಬಿಡುತ್ತದೆ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕುವುದಕ್ಕೆ ನಮ್ಮ ದೇಶದಲ್ಲಿ ನಿಷೇಧ ಇದ್ದರೂ ಅದು ಎಷ್ಟೋ ಹೊಳೆ ಕೆರೆಗಳಿಗೆ ಸೇರಿಬಿಟ್ಟಿದೆ. ಎದುರಿಗೆ ಸಿಕ್ಕಿದ್ದನ್ನೆಲ್ಲಾ ತಿನ್ನುವ ಮೀನು ಅದು.

ಎರೆ ಸಿದ್ಧ ಮಾಡಿದ ಬಗೆ ಹೀಗೆ. ಸಸಲಿನ ಬಾಲವನ್ನು ಬುಡದಲ್ಲಿ ಕತ್ತರಿಸಿದರು. ಎರಡೂ ಪಕ್ಕೆಗೆ ಬ್ಲೇಡಿನಿಂದ ಮೂರು ಮೂರು ಗೀರು. ಹುರುಪೆ ತೆಗೆಯಲಿಲ್ಲ, ಹುರುಪೆ ಇದ್ದರೆ ಮಾಂಸ ಬೇಗ ಕಳಚುವುದಿಲ್ಲ. ದೊಡ್ಡ ಗಾಳವನ್ನು ಕೆಳದುಟಿಯಿಂದ ಚುಚ್ಚಿ ಮೇಲ್ದುಟಿಯಲ್ಲಿ ಹೊರತೆಗೆದರು. ಮೊನೆ ಪೂರ್ತಿ ಹೊರಗೆ ಕಾಣಬೇಕು. ಮಾಂಸದೊಳಗೆ ಮೊನೆ ಅಡಗಿದರೆ ಮೀನು ಕಚ್ಚಿದರೂ ಸಿಗುವುದಿಲ್ಲ. ನಾನು ತಂದಿದ್ದು ಸರ್ಕಲ್ ಹುಕ್, ಮೊನೆ ಒಳಕ್ಕೆ ಬಾಗಿರುವಂಥದ್ದು. ಅದು ಹೊಟ್ಟೆಗೆ ಹೋಗದೆ ಬಾಯಿಯ ಮೂಲೆಗೆ ಸಿಗುತ್ತದೆ. ಬಾಳೆಯ ಹಲ್ಲಿಗೆ ದಾರ ಸವೆಯುವುದರಿಂದ ಗಾಳದ ಮೇಲೆ ಒಂದು ಗೇಣು ತಂತಿ. ಅದರ ಮೇಲೆ ತೂತಿರುವ ಸೀಸದ ಗುಂಡು, ದಾರ ಅದರೊಳಗೆ ಸರಾಗ ಓಡುವಂತೆ. ಮೀನು ಎಳೆದುಕೊಂಡು ಹೋಗುವಾಗ ಗುಂಡಿನ ಭಾರ ಅದಕ್ಕೆ ತಿಳಿಯಬಾರದು.

ಆಮೇಲೆ ಅಜ್ಜ ಒಣಗಿದ ಜೋಳದ ದಂಟು ಮುರಿದು ಒಳಗಿನ ಬೆಂಡು ತೆಗೆದರು. ಬೆರಳುದ್ದದ ಬೆಂಡನ್ನು ಗಾಳಕ್ಕಿಂತ ನಾಲ್ಕು ಬೆರಳು ಮೇಲೆ ತಂತಿಗೆ ಕಟ್ಟಿದರು. ಗುಂಡು ತಳದಲ್ಲಿ ಕೂರುತ್ತದೆ, ಬೆಂಡು ಎರೆಯನ್ನು ನೆಲದಿಂದ ಮೇಲೆ ಎತ್ತಿ ಹಿಡಿಯುತ್ತದೆ. ಏಡಿಗೆ ಅದು ಎಟುಕುವುದಿಲ್ಲ. ಮೊದಲ ರಾತ್ರಿ ನನ್ನನ್ನು ಕಾಡಿದ ಏಡಿಗೆ ಉತ್ತರ ಹೊಲದ ಬದುವಿನಲ್ಲೇ ಬಿದ್ದಿತ್ತು!

ನಾನು ಮಡುವಿನ ನಡುವೆ, ಎಲ್ಲಕ್ಕಿಂತ ಆಳ ಇರುವ ಕಡೆ ಎಸೆಯಲು ಹೊರಟೆ. ಅಜ್ಜ ತೋಳು ಹಿಡಿದರು.

"ಅಲ್ಲಲ್ಲ, ಮಡುವಿನ ತಲಿಗೆ ಹಾಕು. ವಾಸನಿ ನೀರಿನ ಜೋಡಿ ಕೆಳಗ ಹೊಕ್ಕೈತಿ, ಮೀನ ಅದನ್ನ ಹಿಡಕೊಂಡು ಮ್ಯಾಲ ಬರತೈತಿ. ನಡುವ ಹಾಕಿದ್ರ ಅರ್ಧ ಮಡುವಿಗೆ ಸುದ್ದಿನ ಮುಟ್ಟಂಗಿಲ್ಲ."

ಹರಿವ ನೀರು ಆಳಕ್ಕೆ ಬೀಳುವ ಜಾಗವೇ ಮಡುವಿನ ತಲೆ. ಎರಡು ಗಾಳ ಅಲ್ಲಿಗೆ ಹಾಕಿ ಎತ್ತರದ ಬಂಡೆ ಮೇಲೆ ಕೂತೆವು. ಈ ಹೊಳೆಯಲ್ಲಿ ಮೊಸಳೆ ಇವೆ. ಕತ್ತಲಲ್ಲಿ ನೀರಂಚಿಗೆ ಯಾರೂ ಇಳಿಯಬಾರದು ಅನ್ನುವುದು ಅಜ್ಜನ ಮೊದಲ ನಿಯಮ.

ಇಪ್ಪತ್ತು ನಿಮಿಷಕ್ಕೊಮ್ಮೆ ಎರೆ ಬದಲಾಯಿಸಿದೆವು. ಯಾಕೆ ಅಂತ ಮೊದಲು ತಿಳಿಯಲಿಲ್ಲ, ಸಸಲು ಇಡಿಯಾಗಿಯೇ ಇತ್ತಲ್ಲ. ಅಜ್ಜ ಟಾರ್ಚ್ ಹಾಕಿ ತೋರಿಸಿದರು. ಗೀರಿದ ಜಾಗದಲ್ಲಿ ಕೆಂಪು ಇರಲಿಲ್ಲ. ಮಾಂಸ ನೆನೆದ ಅವಲಕ್ಕಿಯಂತೆ ಬೆಳ್ಳಗೆ ಉಬ್ಬಿತ್ತು. ಮೂಗಿಗೆ ಹಿಡಿದರೆ ಏನೂ ಇಲ್ಲ, ಬರೀ ನೀರಿನ ವಾಸನೆ. ರಕ್ತ ಹೋದಮೇಲೆ ಅದು ಎರೆ ಅಲ್ಲ. ಹೊಸ ಸಸಲು ಕತ್ತರಿಸಿದಾಗ ಬರುವ ಹಸಿ ವಾಸನೆಯನ್ನೂ ಇದನ್ನೂ ಪಕ್ಕಪಕ್ಕದಲ್ಲಿ ಮೂಸಿದಾಗ ನನಗೆ ಎಲ್ಲಾ ಅರ್ಥವಾಯಿತು. ನಾತ ಬೇರೆ, ರುಚಿ ಬೇರೆ. ನಾನು ಇಷ್ಟು ವರ್ಷ ನಾತದ ಹಿಂದೆ ಬಿದ್ದಿದ್ದೆ.

ಒಂಬತ್ತೂವರೆ ಇರಬೇಕು. ಬಲಗಡೆಯ ದಾರ ನಿಧಾನ ಬಿಗಿಯಾಯಿತು. ಟಕ್ ಟಕ್ ಇಲ್ಲ, ಏನೂ ಇಲ್ಲ. ಆಮೇಲೆ ರೀಲು ಒಮ್ಮೆಲೇ ಕಿರುಚಿತು. ನನ್ನ ಕೈ ತಾನಾಗೇ ಕೋಲು ಝಾಡಿಸಲು ಎದ್ದಿತ್ತು. "ಜಗ್ಗಬ್ಯಾಡ!" ಅಂದರು ಅಜ್ಜ. ಸರ್ಕಲ್ ಹುಕ್ಕಿಗೆ ಝಾಡಿಸಿದರೆ ಅದು ಬಾಯಿಂದ ಜಾರಿ ಬರುತ್ತದೆ. ದಾರ ಬಿಗಿ ಮಾಡುತ್ತಾ ಹೋದರೆ ಸಾಕು, ಮೀನೇ ತಿರುಗಿ ಸಿಕ್ಕಿಕೊಳ್ಳುತ್ತದೆ. ಕಷ್ಟಪಟ್ಟು ಕೈ ತಡೆದುಕೊಂಡೆ. ಭಾರ ಬಂತು. ಕೋಲು ಬಿಲ್ಲಿನಂತೆ ಬಾಗಿತು.

ಹತ್ತು ನಿಮಿಷ ಹಿಡಿಯಿತೋ, ಹದಿನೈದೋ ಗೊತ್ತಿಲ್ಲ. ಭಾವ ಸುತ್ತಲೂ ಟಾರ್ಚ್ ಬಿಟ್ಟು ನೋಡಿ, ಬಂಡೆಯ ಪಕ್ಕದ ತೆಳು ನೀರಿಗೆ ಬಲೆ ಇಳಿಸಿ ಎತ್ತಿದರು. ಒದ್ದೆ ಗೋಣಿಚೀಲದ ಮೇಲೆ ಮಲಗಿಸಿದಾಗ ಅದರ ಬೆಳ್ಳಿ ಮೈ ಟಾರ್ಚಿಗೆ ಹೊಳೆಯಿತು. ಗಾಳ ಬಾಯಿಯ ಮೂಲೆಯಲ್ಲೇ ಇತ್ತು. ತೂಕದ ಕೊಕ್ಕೆಯಲ್ಲಿ ಚೀಲ ಕಳೆದು ಐದೂಕಾಲು ಕೆಜಿ.

ಬಾಳೆ ಮೀನು ಈಗ ಐಯುಸಿಎನ್ ಅನ್ನುವ ಅಂತರರಾಷ್ಟ್ರೀಯ ಸಂರಕ್ಷಣಾ ಸಂಸ್ಥೆಯ ಕೆಂಪು ಪಟ್ಟಿಯಲ್ಲಿ 'ವಲ್ನರಬಲ್', ಅಂದರೆ ಅಳಿವಿನ ಅಪಾಯಕ್ಕೆ ಸಿಕ್ಕಬಹುದಾದ ಮೀನು. ಊಟಕ್ಕೆ ಬೇಕಾದ್ದು ನಿನ್ನೆಯೇ ಸಿಕ್ಕಿತ್ತು. ಆದರೆ ಇದು ಅಜ್ಜನ ಹೊಳೆ, ಅವರ ಹೊಟ್ಟೆಪಾಡು. ನಾನು ಅವರ ಮುಖ ನೋಡಿದೆ.

"ಬಿಡಲಾ ಅಜ್ಜಾ?"

ಸ್ವಲ್ಪ ಹೊತ್ತು ಮಾತಾಡಲಿಲ್ಲ. "ನಮ್ಮಪ್ಪ ಬಾಳಿ ಹೆಗಲ ಮ್ಯಾಲೆ ಹಾಕ್ಕೊಂಡು ಬಂದ್ರ ಬಾಲ ನೆಲಕ್ಕ ತಾಗ್ತಿತ್ತು. ಮರಳು ತಗದ್ರು, ಮಡು ತುಂಬಿದವು. ಈಗ ಇಷ್ಟುದ್ದ ನೋಡೋದ ಅಪರೂಪ. ಬಿಡು. ಮಳಿಗಾಲಕ್ಕ ಮರಿ ಮಾಡತೈತಿ."

ಗಾಳ ಬಿಡಿಸಿ, ಹೊಟ್ಟೆಯ ಕೆಳಗೆ ಕೈ ಕೊಟ್ಟು ನೀರಿನ ಹರಿವಿಗೆ ಮುಖ ಮಾಡಿ ಹಿಡಿದೆ. ಭಾವ ಟಾರ್ಚ್ ತಿರುಗಿಸುತ್ತಾ ನೀರು ಕಾಯುತ್ತಿದ್ದರು. ಕಿವಿರು ಮುಚ್ಚಿ ತೆರೆಯುವುದು ಅಂಗೈಗೆ ತಿಳಿಯುತ್ತಿತ್ತು. ಒಂದೆರಡು ನಿಮಿಷ ಆದಮೇಲೆ ಮೈಗೆ ಬಲ ಬಂತು. ಬಾಲ ಒಮ್ಮೆ ಬೀಸಿ, ನನ್ನ ಮುಖಕ್ಕೆ ನೀರು ಚಿಮ್ಮಿಸಿ ಹೋಯಿತು.

ಆಮೇಲೆ ಇನ್ನೊಂದು ಗಾಳಕ್ಕೆ ಒಂದೂವರೆ ಕೆಜಿಯದು ಬಂತು. ಅದು ಅಜ್ಜನ ಮನೆಗೆ ಹೋಯಿತು.

ನಾಲ್ಕನೇ ದಿನ

ಮರುದಿನ ಅಮಾವಾಸ್ಯೆ. ಅವತ್ತು ಅಜ್ಜ ನೀರಿಗೆ ಇಳಿಯುವುದಿಲ್ಲ. ಬಲೆಯ ಹರುಕು ಹೊಲಿಯುತ್ತಾ ಕಟ್ಟೆಯ ಮೇಲೆ ಕೂತಿದ್ದರು. ನಾನು ಪಕ್ಕದಲ್ಲಿ ಕೂತು ಉಳಿದ ಅನುಮಾನಗಳನ್ನೆಲ್ಲಾ ಕೇಳಿದೆ.

ಕೆರೆಯಲ್ಲಿ ಮುರುಗೋಡಿಗೆ ಏನು ಹಾಕಬೇಕು? ಅದಕ್ಕೂ ಎರೆಹುಳವೇ, ಆದರೆ ಮುದ್ದೆಯಾಗಿ ಐದಾರು. ಕೆಸರಿನ ಅಂಚಿಗೆ, ಆಳಕ್ಕಲ್ಲ. ಅದು ಗಾಳಿ ಕುಡಿಯಲು ಮೇಲೆ ಬರುವ ಮೀನು, ಗುಳ್ಳೆ ಏಳುವ ಜಾಗ ನೋಡಿಕೊಂಡು ಹಾಕು ಅಂದರು. ಹುಳ ಸಿಗದ ಬೇಸಿಗೆಯಲ್ಲಿ ಸೀಗಡಿ, ತಲೆ ಕಿತ್ತು ಸಿಪ್ಪೆ ಅರ್ಧ ಸುಲಿದು. ಕೋಳಿ ಈಲಿ ಹಾಕಲೇಬೇಕು ಅಂದರೆ ಅವತ್ತಿನದ್ದು ಆಗಬೇಕು. ಸ್ವಲ್ಪ ಉಪ್ಪು ಸವರಿ ಒಂದು ಗಂಟೆ ನೆರಳಲ್ಲಿಟ್ಟರೆ ಬಿಗಿಯಾಗುತ್ತದೆ. ಹೊಲಿಗೆ ದಾರದಿಂದ ಗಾಳಕ್ಕೆ ಸುತ್ತಿದರೆ ಎಸೆಯುವಾಗ ಕಳಚುವುದಿಲ್ಲ. ಈ ದಾರದ ಉಪಾಯವನ್ನು ಹೇಳಿದ್ದು ಮಾತ್ರ ನಾನು. ಅಜ್ಜ ತಲೆದೂಗಿದರು, ಬಲೆ ಹೊಲಿಯುತ್ತಿದ್ದ ದಾರದಲ್ಲೇ ಸುತ್ತಿ ತೋರಿಸು ಅಂದರು. ಒಂದು ಬೆಂಡಿನ ಚೂರಿಗೆ ಸುತ್ತಿ ತೋರಿಸಿದೆ.

ಹೊಳೆ ಕೆಳಗೆ ಹೋಗಿ ಗಾಳ ಹಾಕುವ ಯೋಚನೆಯೂ ನನಗಿತ್ತು. ಆದರೆ ಹೊಸಪೇಟೆಯ ಅಣೆಕಟ್ಟಿನ ಕೆಳಗೆ ಮುದ್ಲಾಪುರದಿಂದ ಕಂಪ್ಲಿಯವರೆಗೆ ನೀರುನಾಯಿಗಳ ಸಂರಕ್ಷಿತ ಪ್ರದೇಶ ಇದೆ. 2015ರಲ್ಲಿ ಘೋಷಿಸಿದ್ದು. ಅಲ್ಲಿಯ ಮೀನು ನೀರುನಾಯಿಗಳ ಊಟ. ಆ ಕಡೆ ಕೋಲು ಒಯ್ಯುವುದು ಬೇಡ ಅಂತ ತೀರ್ಮಾನಿಸಿದೆ.

ಹೊರಡುವಾಗ ಉಳಿದ ನಾಲ್ಕು ಸರ್ಕಲ್ ಹುಕ್ಕುಗಳನ್ನು ಅಜ್ಜನಿಗೆ ಕೊಟ್ಟೆ. ಅವರು ಒಂದನ್ನು ಬೆರಳ ತುದಿಯಲ್ಲಿ ತಿರುಗಿಸಿ ನೋಡಿ ಬಲೆಯ ಅಂಚಿಗೆ ಸಿಗಿಸಿಕೊಂಡರು. ನನಗೆ ಒಂದು ಕಟ್ಟು ಜೋಳದ ದಂಟಿನ ಬೆಂಡು ಕೊಟ್ಟರು, ಬಾಳೆ ನಾರಲ್ಲಿ ಕಟ್ಟಿದ್ದು. ತೆಂಗಿನ ಚಿಪ್ಪಿನಲ್ಲಿ ಇನ್ನೂ ಏಳೆಂಟು ಎರೆಹುಳ ಉಳಿದಿದ್ದವು. ಹಿತ್ತಲಿಗೆ ಹೋಗಿ ಬಾಳೆ ಬುಡದಲ್ಲಿ ಮಣ್ಣು ಸರಿಸಿ ಅವನ್ನು ಬಿಟ್ಟೆ. ಅಕ್ಕ ಮೇಲಿಂದ ಒಂದು ಚೊಂಬು ನೀರು ಹಾಕಿದಳು.